ತೋಟಕ್ಕೆ ಸಣ್ಣ ಹಿಟಾಚಿ: ಟನ್ ಕೇಳುವ ಮೊದಲು ದಾರಿ ಅಳೆಯಿರಿ

ಸಣ್ಣ ಹಿಟಾಚಿ, ಅಂದರೆ ಚೈನ್ ಮೇಲೆ ಓಡುವ ಮಣ್ಣು ಅಗೆಯುವ ಮಷೀನ್, ತಗೊಳ್ಳಬೇಕು ಅಂತಿರುವವರಿಗೆ ನಾನು ಹೇಳುವುದು ಒಂದೇ ಮಾತು. ಶೋರೂಮಿಗೆ ಹೋಗುವ ಮೊದಲು ಟೇಪ್ ಹಿಡಿದು ನಿಮ್ಮ ತೋಟವನ್ನೇ ಒಂದು ಸುತ್ತು ಹಾಕಿ. ಗೇಟಿನ ಅಗಲ ಎಷ್ಟು, ಹಳ್ಳ ದಾಟುವ ಮೋರಿ ಎಷ್ಟು ಅಗಲ, ಕಣದ ಪಕ್ಕದ ಸಂದಿ ಎಷ್ಟು, ಕೆಲಸದವರ ಲೈನ್ ಮನೆ ಹಿಂದೆ ಹೋಗುವ ದಾರಿ ಎಷ್ಟು, ಗಿಡದ ಸಾಲುಗಳ ನಡುವೆ ನಿಜವಾಗಿ ಖಾಲಿ ಇರುವ ಜಾಗ ಎಷ್ಟು, ಎಲ್ಲ ಬರೆದುಕೊಳ್ಳಿ. ಅದರಲ್ಲಿ ಎಲ್ಲಕ್ಕಿಂತ ಕಡಿಮೆ ಬಂದ ಅಳತೆ ಯಾವುದೋ ಅದೇ ನಿಮ್ಮ ಮಷೀನ್ ಯಾವುದು ಅಂತ ಹೇಳುತ್ತದೆ. ಉಳಿದದ್ದೆಲ್ಲ ಆಮೇಲೆ.

ಇದನ್ನು ಯಾಕೆ ಇಷ್ಟು ಒತ್ತಿ ಹೇಳುತ್ತಿದ್ದೇನೆ ಅಂದರೆ, ಮಾರುವವರು ತೋರಿಸುವ ಕಾಗದದಲ್ಲಿ ಮೊದಲು ಕಾಣುವುದು ಎಚ್‌ಪಿ ಮತ್ತು ಎಷ್ಟು ಆಳ ಅಗೆಯುತ್ತದೆ ಅನ್ನುವುದು. ನಾವೂ ಅದನ್ನೇ ಕೇಳುತ್ತೇವೆ. ಆದರೆ ಕಾಫಿ ತೋಟದಲ್ಲಿ, ಅಡಿಕೆ ತೋಟದಲ್ಲಿ ವರ್ಷಪೂರ್ತಿ ಮಾಡುವ ಕೆಲಸ ಒಮ್ಮೆ ನೆನಪು ಮಾಡಿಕೊಳ್ಳಿ. ಕಾಫಿ ಗಿಡದ ಗುಂಡಿ ಒಂದೂವರೆ ಅಡಿ. ಅಡಿಕೆ, ತೆಂಗಿನ ಗುಂಡಿ ಮೂರು ಅಡಿ. ಸ್ಪ್ರಿಂಕ್ಲರ್ ಪೈಪ್ ಹೂಳುವ ಕಾಲುವೆ ಎರಡು ಅಡಿ, ಬಸಿಗಾಲುವೆ ಎರಡೋ ಮೂರೋ ಅಡಿ. ಇದರಲ್ಲಿ ಯಾವುದಕ್ಕೂ ಹತ್ತು ಅಡಿ ಆಳ ಬೇಡ. ಬೇಕಾಗಿರುವುದು ಗಿಡ ಮುರಿಯದೆ ಆ ಜಾಗಕ್ಕೆ ಹೋಗಿ, ಕೆಲಸ ಮಾಡಿ, ಹೊರಗೆ ಬರುವುದು.

(ನಮ್ಮ ಕಡೆ ಚೈನ್ ಮೇಲೆ ಓಡುವುದಕ್ಕೆಲ್ಲ ಹಿಟಾಚಿ ಅಂತಲೇ ಕರೆಯುವುದು, ಕಂಪನಿ ಯಾವುದೇ ಇರಲಿ. ನಾನೂ ಹಾಗೇ ಬರೆಯುತ್ತೇನೆ.)

ಮಾರುಕಟ್ಟೆಯಲ್ಲಿ ಸಿಗುವ ಸಣ್ಣ ಮಷೀನುಗಳನ್ನು ಅವುಗಳ ತೂಕದ ಮೇಲೆ ಮೂರು ಗುಂಪು ಅಂದುಕೊಳ್ಳಿ. ಒಂದೂವರೆಯಿಂದ ಎರಡು ಟನ್‌ನದು ಮೊದಲನೆಯದು. ಅಗಲ ಒಂದು ಮೀಟರ್‌ನಿಂದ ಒಂದೂಕಾಲು ಮೀಟರ್. ಕೆಲವು ಮಾಡೆಲ್‌ಗಳಲ್ಲಿ ಚೈನನ್ನು ಒಳಗೆ ಎಳೆದುಕೊಂಡು ಸಂದಿಯಲ್ಲಿ ನುಗ್ಗಿ, ಆಮೇಲೆ ಅಗಲ ಮಾಡಿಕೊಂಡು ನಿಲ್ಲಬಹುದು. ಆಳ ಏಳೂವರೆ ಅಡಿ ಆಸುಪಾಸು. ಎರಡನೆಯದು ಮೂರು ಟನ್‌ನದು, ಅಗಲ 1.55 ಮೀಟರ್ ಹತ್ತಿರ, ಅಂದರೆ ಐದು ಅಡಿ ಚಿಲ್ಲರೆ, ಆಳ ಒಂಬತ್ತು ಅಡಿಗಿಂತ ಸ್ವಲ್ಪ ಜಾಸ್ತಿ. ಮೂರನೆಯದು ಐದು ಟನ್ನಿನದು. ಅದರ ಅಗಲ ಎರಡು ಮೀಟರ್‌ಗೆ ಬಂತು, ಆಳ ಹನ್ನೊಂದು ಹನ್ನೆರಡು ಅಡಿ. ಮಾಡೆಲ್‌ನಿಂದ ಮಾಡೆಲ್‌ಗೆ ಸ್ವಲ್ಪ ಹೆಚ್ಚುಕಡಿಮೆ ಇರುತ್ತದೆ, ಆದರೆ ಲೆಕ್ಕ ಹಾಕಲು ಇಷ್ಟು ಸಾಕು.

ಈಗ ಇದನ್ನು ತೋಟದ ಅಳತೆಯ ಪಕ್ಕದಲ್ಲಿ ಇಡೋಣ.

ಅರೇಬಿಕಾ ಇರುವವರಿಗೆ ನೇರವಾಗಿ ಹೇಳಿಬಿಡುತ್ತೇನೆ, ಬೆಳೆದು ನಿಂತ ಗಿಡದ ಸಾಲಿನೊಳಗೆ ಯಾವ ಮಷೀನೂ ಬೇಡ. ಆರಡಿಗೆ ಆರಡಿ ನೆಟ್ಟಿರುತ್ತೇವೆ. ಆರಡಿ ಅಂದರೆ 1.83 ಮೀಟರ್, ಅದೂ ಬುಡದಿಂದ ಬುಡಕ್ಕೆ. ರೆಕ್ಕೆಗಳು, ಅಂದರೆ ಅಡ್ಡ ಕೊಂಬೆಗಳು, ಹರಡಿಕೊಂಡ ಮೇಲೆ ಮನುಷ್ಯ ನಡೆಯಲೂ ಕೈಯಲ್ಲಿ ಸರಿಸಿಕೊಂಡು ಹೋಗಬೇಕು. ಒಂದು ಮೀಟರ್ ಅಗಲದ ಮಷೀನ್ ಹೋಗಬಹುದು ಅಂತ ಯಾರಾದರೂ ಹೇಳಿದರೂ ಕೇಳಬೇಡಿ. ಗಿಡದ ರೆಕ್ಕೆ ಮುರಿಯುವುದು ಒಂದು ಕಡೆ, ಇನ್ನೊಂದು ಕಡೆ ಕಾಫಿ ಗಿಡ ಊಟ ಮಾಡುವ ಸಣ್ಣ ಬೇರುಗಳೆಲ್ಲ ಬಹುಪಾಲು ಮೇಲಿನ ಒಂದಡಿ ಮಣ್ಣಿನಲ್ಲೇ ಇರುತ್ತವೆ. ಅದರ ಮೇಲೆ ಚೈನ್ ಓಡಿಸಿ, ಅಲ್ಲೇ ತಿರುಗಿಸಿದರೆ ಆ ಬೇರು ಏನಾಗಬೇಕು? ತೊಟ್ಟಿಲು ಗುಂಡಿ (ಮಳೆನೀರು, ಮಣ್ಣು ಹಿಡಿದಿಡಲು ಸಾಲಿನ ನಡುವಿನ ಗುಂಡಿ) ತೆಗೆಯುವುದು ಮಳೆ ಸ್ವಲ್ಪ ಬಿಡುವು ಕೊಟ್ಟಾಗ, ಆಗಸ್ಟ್‌ನಿಂದ ಅಕ್ಟೋಬರ್ ಒಳಗೆ, ಮಣ್ಣು ಮೆತ್ತಗಿರುವಾಗ. ಆ ಹೊತ್ತಿನಲ್ಲಿ ಮಷೀನ್ ಒಳಗೆ ಬಿಟ್ಟರೆ ಮಣ್ಣು ಗಟ್ಟಿ ಹಾಸಿನ ಹಾಗೆ ಕೂತುಬಿಡುತ್ತದೆ. ಆ ಕೆಲಸ ಈಗಲೂ ಹಾರೆ ಗುದ್ದಲಿಯದ್ದೇ.

ರೋಬಸ್ಟಾದಲ್ಲಿ ಕಥೆ ಬೇರೆ. ಹತ್ತಡಿಗೆ ಹತ್ತಡಿ ನೆಟ್ಟಿದ್ದರೆ, ಕಸಿ (ಬೇಡದ ರೆಕ್ಕೆ ಸವರುವುದು) ಚೆನ್ನಾಗಿ ಮಾಡಿದ್ದರೆ, ಮೂರು ಟನ್‌ನದು ಸಾಲಿನಲ್ಲಿ ನಿಧಾನಕ್ಕೆ ಹೋಗುತ್ತದೆ. ಆದರೂ ನನ್ನ ಅಭಿಪ್ರಾಯದಲ್ಲಿ ಮಷೀನಿಗೆ ಸರಿಯಾದ ಜಾಗ ಅಂದರೆ ತೋಟದ ರಸ್ತೆಗಳು ಮತ್ತು ಹೊಸದಾಗಿ ಗಿಡ ಹಾಕುವ ಪ್ಲಾಟುಗಳು. ಹಳೇ ಗಿಡ ಕಿತ್ತು ಹೊಸದು ಹಾಕುವಾಗ ಇದರ ಉಪಯೋಗ ಕಣ್ಣಿಗೆ ಕಾಣುತ್ತದೆ. ಬುಡ ಎಬ್ಬಿಸುತ್ತದೆ, ಬೊಡ್ಡೆ ಎಳೆದು ಬದಿಗೆ ಹಾಕುತ್ತದೆ, ಗುಂಡಿ ತೆಗೆಯುತ್ತದೆ. ಕಾಫಿ ಗುಂಡಿಗೆ ಎಲ್ಲರೂ ಹೇಳುವ ಅಳತೆ ಉದ್ದ, ಅಗಲ, ಆಳ ಎಲ್ಲ 45 ಸೆಂಟಿಮೀಟರ್. ಅಷ್ಟು ಮಣ್ಣು 0.09 ಘನ ಮೀಟರ್ ಆಗುತ್ತದೆ. ಮೂರು ಟನ್ ಮಷೀನಿನ ಬಕೆಟ್ ಹಿಡಿಯುವುದೂ ಹೆಚ್ಚುಕಡಿಮೆ ಅಷ್ಟೇ! ಒಂದೆರಡು ಸಲ ಕೈ ಹಾಕಿದರೆ ಒಂದು ಗುಂಡಿ. ಬೇಸಿಗೆ ಮಳೆ ಒಂದು ಬಿದ್ದ ಮೇಲೆ ಗುಂಡಿ ತೆಗೆದು, ಬಿಸಿಲು ಗಾಳಿಗೆ ಬಿಟ್ಟು, ಮುಂಗಾರು ಹಿಡಿದ ಮೇಲೆ ನೆಡುವ ಕ್ರಮಕ್ಕೆ ಇದು ಸರಿಯಾಗಿ ಹೊಂದುತ್ತದೆ.

ಒಂದು ವಿಷಯ ಮಾತ್ರ ಆಪರೇಟರ್‌ಗೆ ಮೊದಲೇ ಹೇಳಿ. ಮೇಲಿನ ಕಪ್ಪು ಮಣ್ಣು ಒಂದು ಕಡೆ, ಅಡಿಯ ಗೊಚ್ಚು ಮಣ್ಣು ಇನ್ನೊಂದು ಕಡೆ. ಕೈಯಲ್ಲಿ ತೆಗೆಯುವವರು ಇದನ್ನು ಹೇಳದೆಯೇ ಮಾಡುತ್ತಾರೆ. ಮಷೀನಿನಲ್ಲಿ ಎರಡೂ ಕಲಸಿ ಒಂದೇ ಗುಡ್ಡೆ ಆಗುತ್ತದೆ, ಆಮೇಲೆ ಗಿಡದ ಬುಡಕ್ಕೆ ಗೊಚ್ಚು ಬೀಳುತ್ತದೆ.

ಅಡಿಕೆಯಲ್ಲಿ ಒಂಬತ್ತಡಿಗೆ ಒಂಬತ್ತಡಿ, ಅಂದರೆ 2.74 ಮೀಟರ್. ಮೂರು ಟನ್‌ನದು ನಡುವೆ ನಿಂತರೆ ಎರಡೂ ಕಡೆ ಎರಡೆರಡು ಅಡಿ ಉಳಿಯುತ್ತದೆ. ಹೋಗುವುದಕ್ಕೆ ಧಾರಾಳ. ಆದರೆ ತಿರುಗುವುದಕ್ಕೆ? ಇಲ್ಲೇ ಎಲ್ಲರೂ ಎಡವುವುದು, ಅದಕ್ಕೇ ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಹಿಟಾಚಿ ಮಣ್ಣು ಎತ್ತಿ ಪಕ್ಕಕ್ಕೆ ಸುರಿಯುವಾಗ ಮೇಲಿನ ಭಾಗ ಇಡೀ ತಿರುಗುತ್ತದೆ. ಬೂಮ್, ಅಂದರೆ ಬಕೆಟ್ ಹಿಡಿದಿರುವ ಕೈ, ಬಲಕ್ಕೆ ಹೋದರೆ ಹಿಂದಿನ ತೂಕದ ಭಾಗ ಎಡಕ್ಕೆ ಬರುತ್ತದೆ. ಮಾಮೂಲಿ ಮಷೀನಿನಲ್ಲಿ ಈ ಹಿಂಭಾಗ ಚೈನ್‌ನಿಂದ ಹೊರಗೆ ಚಾಚಿಕೊಳ್ಳುತ್ತದೆ. ಸಾಲಿನ ನಡುವಿನಿಂದ ಮರಕ್ಕೆ ಇರುವುದು 1.37 ಮೀಟರ್. ಮೂರು ಟನ್‌ನ ಮಾಮೂಲಿ ಮಷೀನಿನ ಹಿಂಭಾಗ ಹೆಚ್ಚುಕಡಿಮೆ ಅಷ್ಟೇ ದೂರ ಬೀಸುತ್ತದೆ. ಸ್ವಲ್ಪ ಓರೆ ನಿಂತಿದ್ದರೂ ಸಾಕು, ಮರಕ್ಕೆ ಉಜ್ಜಿತು ಅಂತಲೇ ಲೆಕ್ಕ.

ಇದನ್ನು ನಾನು ಹತ್ತಿರದಿಂದ ನೋಡಿದ್ದು ನೆಂಟರೊಬ್ಬರ ತೋಟದಲ್ಲಿ. ಬಾಡಿಗೆಗೆ ಬಂದ ಮಷೀನ್, ರಸ್ತೆ ಬದಿಯ ಚರಂಡಿ ಬಿಡಿಸುತ್ತಿತ್ತು. ಆಪರೇಟರ್ ಕಣ್ಣು ಬಕೆಟ್ ಮೇಲೆ. ಹಿಂದೆ ನೆರಳಿಗೆ ಬೆಳೆಸಿದ ಒಂದು ಸಿಲ್ವರ್ (ಸಿಲ್ವರ್ ಓಕ್) ಮರ, ಅದಕ್ಕೆ ಕೆಳಗಿನಿಂದ ಮೇಲಿನವರೆಗೆ ತುಂಬಿಕೊಂಡಿದ್ದ ಮೆಣಸಿನ ಬಳ್ಳಿ. ಪ್ರತಿ ಸಲ ತಿರುಗಿದಾಗಲೂ ಹಿಂಭಾಗದ ಮೂಲೆ ಮರಕ್ಕೆ ಸುಮ್ನೆ ಸವರಿದ ಹಾಗೆ ತಾಗುತ್ತಿತ್ತು, ಶಬ್ದವೂ ಇಲ್ಲ. ಕೆಲಸ ನಿಲ್ಲಿಸಿ ಹೋಗಿ ನೋಡಿದರೆ ಸೊಂಟದ ಎತ್ತರದಲ್ಲಿ ಬಳ್ಳಿಯ ಮೂರು ದಂಟೂ ಜಜ್ಜಿ ನಾರು ನಾರಾಗಿತ್ತು. ಮೇಲೆ ಎಲೆ ಇನ್ನೂ ಹಸಿರಾಗೇ ಇತ್ತು. "ಗೊತ್ತೇ ಆಗಲಿಲ್ಲ ಅಣ್ಣ" ಅಂದ ಆ ಹುಡುಗ. ನಿಜವಾಗಿ ಅವನಿಗೆ ಗೊತ್ತಾಗಿರಲಿಲ್ಲ, ಕ್ಯಾಬಿನ್ನಿನಿಂದ ಅದು ಕಾಣುವುದೇ ಇಲ್ಲ. ಆದರೆ ಒಂದು ಮೆಣಸಿನ ಬಳ್ಳಿ ಆ ಮಟ್ಟಕ್ಕೆ ಬರಬೇಕಾದರೆ ಎಷ್ಟು ವರ್ಷ ಬೇಕು ಅಂತ ಬೆಳೆದವರಿಗೆ ಗೊತ್ತಲ್ವಾ.

ಅದಕ್ಕೇ ತೋಟಕ್ಕೆ ತಗೊಳ್ಳುವವರು ಜೀರೋ ಟೇಲ್ ಮಷೀನನ್ನೇ ಕೇಳಿ. ಇದರಲ್ಲಿ ಹಿಂಭಾಗ ಚೈನ್ ಅಗಲದೊಳಗೇ ತಿರುಗುತ್ತದೆ, ಹೊರಗೆ ಬರುವುದಿಲ್ಲ. ಅದೇ ತೂಕದ ಮಾಮೂಲಿ ಮಷೀನಿಗಿಂತ ಎತ್ತುವ ಶಕ್ತಿ ಸ್ವಲ್ಪ ಕಡಿಮೆ ಇರಬಹುದು, ಆದರೆ ಮರ ಉಳಿಯುತ್ತದೆ. ಹಾಗಂತ ಜೀರೋ ಟೇಲ್ ಅಂದರೆ ಎಲ್ಲಿ ಬೇಕಾದರೂ ಸುತ್ತಬಹುದು ಅಂತ ನಂಬಿಕೊಳ್ಳಬೇಡಿ. ಹಿಂದೆ ತಾಗದಿದ್ದರೂ ಮುಂದೆ ಬೂಮ್ ಇದೆ. ಪೂರ್ತಿ ಮಡಚಿಕೊಂಡರೂ ಬೂಮ್ ಎರಡು ಮೀಟರ್ ಹತ್ತಿರ ಜಾಗ ಬೇಡುತ್ತದೆ. 2.74 ಮೀಟರ್ ಸಾಲಿನಲ್ಲಿ ಮರದ ಎದುರಿಗೆ ನಿಂತು ಅದು ಪಕ್ಕಕ್ಕೆ ತಿರುಗಲಾರದು, ಎರಡು ಮರದ ನಡುವಿನ ಬಯಲು ನೋಡಿಕೊಂಡೇ ತಿರುಗಿಸಬೇಕು. ಇದಕ್ಕೆ ಸಹಾಯ ಮಾಡುವುದು ಬೂಮ್ ಸ್ವಿಂಗ್. ಬುಡದಲ್ಲಿರುವ ಪಿನ್ನಿನ ಮೇಲೆ ಬೂಮ್ ಒಂದೇ ಎಡಕ್ಕೆ ಬಲಕ್ಕೆ ಮಡಚಿಕೊಳ್ಳುತ್ತದೆ. ಗೋಡೆಗೆ ಅಂಟಿಕೊಂಡು ಚರಂಡಿ ತೆಗೆಯುವುದಕ್ಕೆ, ಬೇಲಿ ಪಕ್ಕದ ಅಗಳು ತೆಗೆಯುವುದಕ್ಕೆ ಇದಿಲ್ಲದೆ ಆಗುವುದೇ ಇಲ್ಲ. ಸಣ್ಣ ಮಷೀನುಗಳಲ್ಲಿ ಬಹುತೇಕ ಇರುತ್ತದೆ, ಆದರೂ ಕೇಳಿ ನೋಡಿ. ಪೆಡಲ್ ಒತ್ತಿ ತೋರಿಸಿ ಅನ್ನಿ.

ಹಾಗಾದರೆ ನನ್ನ ಲೆಕ್ಕ ಏನು? ಮಲೆನಾಡಿನ ತೋಟಕ್ಕೆ, ಮೂಡಿಗೆರೆ, ಸಕಲೇಶಪುರ, ಬೇಲೂರಿನ ಮೇಲ್ಭಾಗ, ಕೊಪ್ಪ ಕಡೆಯವರಿಗೆ, ಮೂರು ಟನ್ ಜೀರೋ ಟೇಲ್. ಹೋಂಸ್ಟೇ ಅಂಗಳ, ಮನೆ ಸುತ್ತಿನ ಗಾರ್ಡನ್, ನರ್ಸರಿ, ಇಂಥ ಕೆಲಸವೇ ಮುಖ್ಯ ಆದವರಿಗೆ ಒಂದೂಮುಕ್ಕಾಲು ಟನ್. ಕಡೂರು, ಅರಸೀಕೆರೆ, ಚನ್ನರಾಯಪಟ್ಟಣದ ಬಯಲು ಹೊಲ, ತೆಂಗಿನ ತೋಟದವರಿಗೆ ಜಾಗದ ಚಿಂತೆ ಇಲ್ಲದ್ದರಿಂದ ಐದು ಟನ್. ಇದು ಕಲ್ಲಲ್ಲಿ ಕೊರೆದ ಮಾತಲ್ಲ. ಟೇಪ್ ಬೇರೆ ಹೇಳಿದರೆ ಟೇಪಿನ ಮಾತೇ ಕೇಳಿ.

ಬಯಲು ಸೀಮೆಯವರಿಗೆ ಇನ್ನೊಂದು ಮಾತು. 2014ರಲ್ಲಿ ಸರ್ಕಾರದ ಕೃಷಿ ಭಾಗ್ಯ ಯೋಜನೆ ಬಂದ ಮೇಲೆ ಆ ಕಡೆ ಕೃಷಿ ಹೊಂಡ ಮನೆಮಾತಾಯಿತು. ಕೆಲವರು ಹೊಂಡ ತೋಡುವುದಕ್ಕೆ ಅಂತಲೇ ಮಿನಿ ತಗೊಳ್ಳಲು ನೋಡುತ್ತಾರೆ. ದಯವಿಟ್ಟು ಬೇಡ. ಹತ್ತು ಮೀಟರ್‌ಗೆ ಹತ್ತು ಮೀಟರ್, ಮೂರು ಮೀಟರ್ ಆಳದ ಹೊಂಡ ಅಂದರೆ, ಬದಿಗಳನ್ನು ಚೆನ್ನಾಗಿ ಇಳಿಜಾರು ಬಿಟ್ಟರೂ 150 ಘನ ಮೀಟರ್‌ಗಿಂತ ಜಾಸ್ತಿ ಮಣ್ಣು. ಮೂರು ಟನ್ ಮಷೀನಿಗೆ ಅದು 1,700 ಬಕೆಟ್. ಮಣ್ಣು ಅಗೆದ ಮೇಲೆ ಉಬ್ಬುತ್ತದೆ, ಹಾಗಾಗಿ ಇನ್ನೂ ಜಾಸ್ತಿ. ಅದರ ಮೇಲೆ ಅದರ ಕೈ ಅಷ್ಟು ಆಳಕ್ಕೆ ನೇರವಾಗಿ ಇಳಿಯುವುದೂ ಇಲ್ಲ, ಮಣ್ಣನ್ನು ಒಂದು ಸಲ ಮೇಲೆ ಹಾಕಿ, ಅಲ್ಲಿಂದ ಮತ್ತೆ ದೂರ ಸರಿಸಬೇಕು. ಇಪ್ಪತ್ತು ಟನ್ನಿನ ದೊಡ್ಡ ಹಿಟಾಚಿ ಬಾಡಿಗೆಗೆ ತಂದರೆ ಕೆಲಸ ಚಕಚಕ ಮುಗಿಯುತ್ತದೆ, ಒಟ್ಟು ಖರ್ಚೂ ಕಡಿಮೆ. ತೋಟದ ಕೆರೆ ಹೂಳು ಎತ್ತುವುದಕ್ಕೂ ಇದೇ ಮಾತು. ಸಣ್ಣ ಮಷೀನ್ ಕೆರೆಯೊಳಗೆ ಇಳಿಸಿ ಕೆಸರಲ್ಲಿ ಹೂತರೆ ಎಳೆಯಲು ಮತ್ತೆ ದೊಡ್ಡದೇ ಬರಬೇಕು.

ಚೈನ್ ವಿಷಯಕ್ಕೆ ಬರೋಣ. ರಬ್ಬರ್ ಇದೆ, ಸ್ಟೀಲ್ ಇದೆ. ಮನೆ ಅಂಗಳದ ಇಂಟರ್‌ಲಾಕ್, ಸಿಮೆಂಟ್ ಕಣ, ಹುಲ್ಲು ಹಾಸು ಇದರ ಮೇಲೆಲ್ಲ ಓಡಾಡಬೇಕು ಅಂದರೆ ರಬ್ಬರೇ. ಸ್ಟೀಲ್ ಚೈನ್ ಒಂದು ಸಲ ತಿರುಗಿದರೆ ಇಂಟರ್‌ಲಾಕ್ ಕಲ್ಲು ಹಲ್ಲು ಕಿತ್ತ ಹಾಗೆ ಎದ್ದು ಬರುತ್ತದೆ. ರಬ್ಬರಿಗೆ ಶತ್ರು ಅಂದರೆ ಚೂಪು ಕಲ್ಲು. ಒಳಗೆ ಸ್ಟೀಲ್ ತಂತಿ ಇರುತ್ತದೆ, ರಬ್ಬರ್ ಕತ್ತರಿಸಿ ನೀರು ಒಳಗೆ ಹೋದರೆ ತಂತಿ ತುಕ್ಕು ಹಿಡಿದು ಚೈನ್ ಬಿಟ್ಟುಕೊಳ್ಳುತ್ತದೆ. ಬಂಡೆ ಜಾಸ್ತಿ ಇರುವ ಗುಡ್ಡದ ಜಾಗದವರು ಸ್ಟೀಲ್ ಬಗ್ಗೆ ಯೋಚಿಸಬಹುದು. ಉಳಿದವರಿಗೆ ರಬ್ಬರ್ ಸಾಕು, ನಿಂತಲ್ಲೇ ಗಿರಗಿರ ತಿರುಗಿಸದೆ ಸ್ವಲ್ಪ ಮುಂದೆ ಹಿಂದೆ ಮಾಡಿ ತಿರುಗಿಸಿದರೆ ಬಾಳಿಕೆ ಬರುತ್ತದೆ. ಟಾರ್ ರಸ್ತೆಯಲ್ಲಿ ಮಾತ್ರ ಓಡಿಸಬೇಡಿ. ಇದರ ವೇಗ ಗಂಟೆಗೆ ಎರಡರಿಂದ ನಾಲ್ಕು ಕಿಲೋಮೀಟರ್ ಅಷ್ಟೇ, ಪಕ್ಕದ ಊರಿಗೆ ಓಡಿಸಿಕೊಂಡು ಹೋದರೆ ಹೊತ್ತೂ ಹೋಯಿತು, ಚೈನೂ ಹೋಯಿತು.

ಹಾಗಾಗಿ ಸಾಗಿಸುವುದಕ್ಕೆ ಗಾಡಿ ಬೇಕು. ಮೂರು ಟನ್ ಮಷೀನ್ ಪಿಕಪ್‌ನಲ್ಲಿ ಹೋಗುವುದಿಲ್ಲ, ಕ್ಯಾಂಟರ್ ಬೇಕು, ಹತ್ತಿಸಲು ಗಟ್ಟಿ ರ‍್ಯಾಂಪ್ ಬೇಕು. ಬೇರೆ ಬೇರೆ ಕಡೆ ತೋಟ ಇರುವವರು ಈ ಖರ್ಚನ್ನೂ ಲೆಕ್ಕಕ್ಕೆ ಹಿಡಿಯಿರಿ.

ಬಕೆಟ್ ಬಗ್ಗೆ ಯಾರೂ ಜಾಸ್ತಿ ಕೇಳುವುದಿಲ್ಲ, ಆದರೆ ದಿನದ ಕೆಲಸ ನಡೆಯುವುದು ಅದರಲ್ಲೇ. ಕಡಿಮೆ ಅಂದರೂ ಎರಡು ಬೇಕು. ಪೈಪ್ ಕಾಲುವೆಗೆ ಒಂದಡಿ ಅಗಲದ ಕಿರಿದು ಒಂದು, ಇಲ್ಲದಿದ್ದರೆ ಎರಡಿಂಚು ಪೈಪಿಗೆ ಎರಡಡಿ ಅಗಲ ತೋಡಿ ಆಮೇಲೆ ಮುಚ್ಚುವ ಕೆಲಸ. ಇನ್ನೊಂದು ಹಲ್ಲಿಲ್ಲದ ಅಗಲ ಬಕೆಟ್, ಮೂರಡಿಯ ಮೇಲಿನದು. ಲ್ಯಾಂಡ್‌ಸ್ಕೇಪ್ ಮಾಡುವವರಿಗೆ ಇದೇ ಬಲಗೈ. ಅಂಗಳ ಮಟ್ಟ ಮಾಡುವುದು, ಇಳಿಜಾರನ್ನು ನುಣುಪಾಗಿ ಎಳೆಯುವುದು, ಚರಂಡಿಯ ಕೆಸರು ಬಾಚುವುದು, ಎಲ್ಲ ಇದರಲ್ಲೇ. ಮುಂದೆ ಇರುವ ಬ್ಲೇಡೂ ಉಪಯೋಗಕ್ಕೆ ಬರುತ್ತದೆ, ತೋಡಿದ ಮಣ್ಣನ್ನು ಮತ್ತೆ ತಳ್ಳಿ ಮುಚ್ಚಲು, ನಿಂತು ಕೆಲಸ ಮಾಡುವಾಗ ಊರಿಕೊಳ್ಳಲು. ಹುಲ್ಲು ಹಾಸು ಹಾಕುವ ಜಾಗದಲ್ಲಿ ಮಷೀನ್ ಓಡಾಡಿದ ಮೇಲೆ ಅಡಿ ಮಣ್ಣನ್ನು ಒಮ್ಮೆ ಸಡಿಲ ಮಾಡದೆ ಮೇಲ್ಮಣ್ಣು ಹಾಕಬೇಡಿ. ಮಲೆನಾಡಿನ ಮಳೆಗೆ ಅಲ್ಲಿ ನೀರು ನಿಂತು ಹುಲ್ಲು ಕೊಳೆಯುತ್ತದೆ.

ಬ್ರೇಕರ್ (ಕಲ್ಲು ಒಡೆಯುವುದು), ಆಗರ್ (ತಿರುಗಿ ಗುಂಡಿ ಕೊರೆಯುವುದು) ಹಾಕುವ ಯೋಚನೆ ಇದ್ದರೆ ಅದಕ್ಕೆ ಬೇಕಾದ ಹೆಚ್ಚುವರಿ ಹೈಡ್ರಾಲಿಕ್ ಲೈನ್ ಕಂಪನಿಯಿಂದಲೇ ಬಂದಿದೆಯಾ ನೋಡಿ, ಆಮೇಲೆ ಹಾಕಿಸುವುದು ತಲೆನೋವು. ಆಗರ್‌ನಲ್ಲಿ ಗುಂಡಿ ಬೇಗ ಆಗುತ್ತದೆ, ಬೇಲಿ ಕಂಬಕ್ಕೆ ಬಹಳ ಒಳ್ಳೆಯದು. ಗಿಡ ನೆಡುವ ಗುಂಡಿಗೆ ಮಾತ್ರ ಸ್ವಲ್ಪ ಎಚ್ಚರ. ಜೇಡಿ ಮಣ್ಣು ಒದ್ದೆ ಇದ್ದಾಗ ಆಗರ್ ತಿರುಗಿದರೆ ಗುಂಡಿಯ ಗೋಡೆ ಮಡಕೆಯ ಒಳಮೈ ಹಾಗೆ ನಯವಾಗಿ ಮೆತ್ತಿಕೊಳ್ಳುತ್ತದೆ. ಬೇರು ಅದನ್ನು ದಾಟಲು ಕಷ್ಟಪಡುತ್ತದೆ, ನೀರೂ ಇಂಗುವುದಿಲ್ಲ. ಹಾರೆಯಲ್ಲಿ ಗೋಡೆಯನ್ನು ನಾಲ್ಕು ಕಡೆ ಕೆತ್ತಿ ಬಿಡಿ.

ಇಳಿಜಾರಿನ ಬಗ್ಗೆ ನನಗೆ ನಿಜವಾಗಲೂ ಭಯ ಇದೆ. ಮಷೀನ್ ಸಣ್ಣದಾದಷ್ಟೂ ಅಗಲ ಕಡಿಮೆ, ಅಗಲ ಕಡಿಮೆಯಾದಷ್ಟೂ ಬೇಗ ಮಗುಚುತ್ತದೆ. ಇಳಿಜಾರಿಗೆ ಅಡ್ಡ ನಿಂತು, ತುಂಬಿದ ಬಕೆಟ್ ಎತ್ತರಕ್ಕೆ ಹಿಡಿದು, ಕೆಳಗಿನ ಕಡೆಗೆ ಬೀಸಿ ತಿರುಗಿಸುವುದು, ಮಗುಚಲು ಇದಕ್ಕಿಂತ ಸುಲಭದ ದಾರಿ ಇಲ್ಲ. ಮೊದಲು ಮೇಲಿನ ಮಣ್ಣು ಕೆರೆದು ನಿಲ್ಲಲು ಒಂದು ಸಮತಟ್ಟು ಮಾಡಿಕೊಳ್ಳಬೇಕು, ಬ್ಲೇಡ್ ಊರಬೇಕು, ಬಕೆಟ್ ನೆಲಕ್ಕೆ ಹತ್ತಿರ ಇರಬೇಕು. ಸೀಟ್ ಬೆಲ್ಟ್ ಹಾಕದವನ ಕೈಗೆ ಕೀ ಕೊಡಬೇಡಿ. ಮಗುಚಿದಾಗ ಹೊರಗೆ ಹಾರಲು ಹೋದವರೇ ಅದರಡಿಗೆ ಸಿಗುವುದು. ಮೇಲಿನ ಚೌಕಟ್ಟು ಮಗುಚಿದರೂ ತಡೆಯುವಂಥದ್ದಾ ಅಂತ ಕೇಳಿ. ನಮ್ಮಲ್ಲಿ ಒಣಗಿದ ಸಿಲ್ವರ್ ಕೊಂಬೆ ಬೀಳುವುದೂ ಇದೆ, ಹಾಗಾಗಿ ಮೇಲ್ಛಾವಣಿಯೂ ಗಟ್ಟಿ ಇರಲಿ.

ಮತ್ತೆ ಈ ಮಷೀನ್ ಮನೆಯಲ್ಲೇ ಇದೆ ಅಂತ ಗುಡ್ಡ ಕಡಿಯುವ ಆಸೆ ಬೇಡ. ಬಾಡಿಗೆಗೆ ತರುವಾಗ ದುಡ್ಡಿನ ಲೆಕ್ಕ ಕೈ ತಡೆಯುತ್ತದೆ, ಸ್ವಂತದ್ದಾದರೆ ತಡೆಯುವುದು ಯಾವುದೂ ಇಲ್ಲ. ಇಲ್ಲಿ ಸ್ವಲ್ಪ, ಅಲ್ಲಿ ಸ್ವಲ್ಪ ಅಂತ ಬುಡ ಕಡಿಯುತ್ತಾ ಹೋಗುತ್ತೇವೆ. 2019ರ ಆಗಸ್ಟ್‌ನಲ್ಲಿ ಮೂಡಿಗೆರೆ ಕಡೆ ಗುಡ್ಡಗಳು ತೋಟದ ಸಮೇತ ಜಾರಿದ್ದನ್ನು ನೋಡಿದವರಿಗೆ ಇದನ್ನು ಜಾಸ್ತಿ ಹೇಳಬೇಕಿಲ್ಲ. ರಸ್ತೆ ಮಾಡಲೇಬೇಕಾದರೆ ಮಳೆಗಾಲಕ್ಕೆ ಬಹಳ ಮೊದಲೇ ಮಾಡಿ, ಮೇಲಿನ ನೀರು ಹೋಗಲು ದಾರಿ ಮೊದಲು ಬಿಡಿಸಿ, ಕಡಿದ ಗೋಡೆಯನ್ನು ನೇರಕ್ಕೆ ನಿಲ್ಲಿಸದೆ ಹಿಂದಕ್ಕೆ ಒರಗಿಸಿ, ಮೇಲೆ ಹುಲ್ಲು ಹಿಡಿಸಿ. ಕಡಿದ ಮಣ್ಣನ್ನು ಹಳ್ಳಕ್ಕೆ ತಳ್ಳುವುದಂತೂ ಬೇಡವೇ ಬೇಡ, ಕೆಳಗಿನ ತೋಟದವರ ಪಾಲಿಗೆ ಅದು ಕೆಸರಾಗಿ ಬರುತ್ತದೆ.

ಯಾವ ಕಂಪನಿ ಅನ್ನುವ ಪ್ರಶ್ನೆಗೆ ಈಗ ಬರುತ್ತೇನೆ. ಟಾಟಾ ಹಿಟಾಚಿಯವರ ಕಾರ್ಖಾನೆ ನಮ್ಮ ಧಾರವಾಡದಲ್ಲೇ ಇದೆ. ಕುಬೋಟಾ ಜಪಾನಿನದು, ಸಣ್ಣ ಇಂಜಿನ್‌ಗೆ ಹೆಸರುವಾಸಿ. ಜೆಸಿಬಿ ಇದೆ, ಸ್ಯಾನಿ ಇದೆ. ಎಲ್ಲವೂ ಕೆಲಸ ಮಾಡುವ ಮಷೀನುಗಳೇ. ನನ್ನ ಪ್ರಕಾರ ನೋಡಬೇಕಾದ್ದು ಬಣ್ಣ ಅಲ್ಲ, ಮಷೀನ್ ನಿಂತ ದಿನ ಮೆಕ್ಯಾನಿಕ್ ಎಲ್ಲಿಂದ ಬರುತ್ತಾನೆ ಅನ್ನುವುದು. ಹಾಸನದಿಂದಲೋ, ಮಂಗಳೂರಿನಿಂದಲೋ, ಬೆಂಗಳೂರಿನಿಂದಲೋ? ಫಿಲ್ಟರ್ ಸೆಟ್, ಹೈಡ್ರಾಲಿಕ್ ಹೋಸ್, ರಬ್ಬರ್ ಚೈನ್ ಈ ಮೂರೂ ಸ್ಟಾಕ್ ಇದೆಯಾ ಅಂತ ಡೀಲರ್ ಹತ್ತಿರ ಕೇಳಿ, "ತರಿಸಿಕೊಡ್ತೀವಿ ಸರ್" ಅಂದರೆ ಎಷ್ಟು ದಿನಕ್ಕೆ ಅಂತ ಬರೆಸಿಕೊಳ್ಳಿ. ಅದೇ ಮಾಡೆಲ್ ಇಟ್ಟುಕೊಂಡಿರುವ ಇಬ್ಬರ ನಂಬರ್ ತಗೊಂಡು ಅವರ ಜೊತೆ ಮಾತಾಡಿ. ಅವರು ಹೇಳುವುದು ಕಾಗದಕ್ಕಿಂತ ಮೇಲು.

ಸೆಕೆಂಡ್ ಹ್ಯಾಂಡ್ ನೋಡುವವರು ಬೆಳಿಗ್ಗೆ ಬೇಗ ಹೋಗಿ, ಇಂಜಿನ್ ತಣ್ಣಗಿರುವಾಗ. ಇಂಜಿನ್ ಮುಟ್ಟಿ ನೋಡಿ, ಬಿಸಿ ಇದ್ದರೆ ನಿಮಗಿಂತ ಮೊದಲೇ ಸ್ಟಾರ್ಟ್ ಮಾಡಿ ಇಟ್ಟಿದ್ದಾರೆ ಅಂತ ಅರ್ಥ. ಬಕೆಟ್ ನೆಲದಿಂದ ಸ್ವಲ್ಪ ಎತ್ತಿ ನಿಲ್ಲಿಸಿ, ಕೈಯಲ್ಲಿ ಹಿಡಿದು ಎಡಕ್ಕೆ ಬಲಕ್ಕೆ ಅಲುಗಿಸಿ. ಪಿನ್ನು ಬುಷ್ ಸವೆದಿದ್ದರೆ ಟಕಟಕ ಅನ್ನುತ್ತದೆ. ಸಿಲಿಂಡರ್ ರಾಡ್ ಮೇಲೆ ಉದ್ದಕ್ಕೆ ಗೀರು ಇದೆಯಾ ನೋಡಿ, ಇದ್ದರೆ ಸೀಲ್ ಎಷ್ಟು ಸಲ ಹಾಕಿದರೂ ಆಯಿಲ್ ಸೋರುತ್ತಲೇ ಇರುತ್ತದೆ. ಎರಡೂ ಚೈನ್ ಒಂದೇ ವೇಗದಲ್ಲಿ ನೇರಕ್ಕೆ ಓಡುತ್ತದಾ ನೋಡಿ. ಮೀಟರ್ ಗಂಟೆ ಕಡಿಮೆ ತೋರಿಸಿ ಪೆಡಲ್ ರಬ್ಬರ್ ಪೂರ್ತಿ ಸವೆದಿದ್ದರೆ ಆ ಮೀಟರ್ ನಂಬಬೇಡಿ.

ದುಡ್ಡಿನ ಮಾತು. ಸುಮ್ನೆ ಲೆಕ್ಕಕ್ಕೆ ಮಷೀನ್ 25 ಲಕ್ಷ ಅಂತ ಇಟ್ಟುಕೊಳ್ಳಿ, ಐದು ಲಕ್ಷ ಕೈಯಿಂದ, 20 ಲಕ್ಷ ಸಾಲ. ಶೇಕಡಾ 11 ಬಡ್ಡಿ, ನಾಲ್ಕು ವರ್ಷ ಅಂದರೆ ತಿಂಗಳ ಕಂತು 51,700 ರೂಪಾಯಿ ಹತ್ತಿರ. ವರ್ಷಕ್ಕೆ 6.2 ಲಕ್ಷ. ವರ್ಷಕ್ಕೆ ಸಾವಿರ ಗಂಟೆ ಓಡಿಸಿದರೆ ಕಂತೇ ಗಂಟೆಗೆ 620 ರೂಪಾಯಿ ಬೀಳುತ್ತದೆ. ಐನೂರು ಗಂಟೆ ಆದರೆ 1,240. ಹದಿನೈದು ಎಕರೆ ತೋಟಕ್ಕೆ ಸ್ವಂತ ಕೆಲಸ ಅಂತ ವರ್ಷಕ್ಕೆ ನೂರೈವತ್ತು ಗಂಟೆ ಸಿಕ್ಕರೆ ಜಾಸ್ತಿ ಅಂತ ನನ್ನ ಅಂದಾಜು. ಹಾಗಾದರೆ ಗಂಟೆಗೆ ನಾಲ್ಕು ಸಾವಿರ ದಾಟಿತು! ಇದರ ಮೇಲೆ ಡೀಸೆಲ್ ಇದೆ. ಗಂಟೆಗೆ ಮೂರರಿಂದ ನಾಲ್ಕು ಲೀಟರ್, ಲೀಟರಿಗೆ 90 ಅಂತ ಹಿಡಿದರೆ ಮುನ್ನೂರು ಚಿಲ್ಲರೆ. ಆಪರೇಟರ್ ಸಂಬಳ, ಸರ್ವಿಸ್, ಮಷೀನಿಗೆ ಮಾಡಿಸುವ ಇನ್ಶೂರೆನ್ಸ್ ಬೇರೆ. ನಾಲ್ಕು ವರ್ಷದ ಮೇಲೆ ಮಷೀನ್ ನಮ್ಮದೇ, ಮಾರಿದರೂ ದುಡ್ಡು ಬರುತ್ತದೆ, ಅದು ನಿಜ. ಆದರೂ ನಿಮ್ಮೂರಿನ ಬಾಡಿಗೆ ರೇಟು ಕೇಳಿ ಇದರ ಪಕ್ಕ ಇಟ್ಟು ನೋಡಿ. ಒಬ್ಬರ ತೋಟಕ್ಕೆ ಅಂತ ಸ್ವಂತ ತಗೊಳ್ಳುವುದು ಬಹಳ ಜನಕ್ಕೆ ಗಿಟ್ಟುವುದಿಲ್ಲ.

ಗಿಟ್ಟುವ ದಾರಿ ಎರಡು. ಒಂದು, ಬಾಡಿಗೆಗೆ ಓಡಿಸುವುದು. ಅದು ಬೇರೆಯೇ ವ್ಯಾಪಾರ, ಅದಕ್ಕೆ ಹಿಂದೆ ಬಿದ್ದು ಓಡಾಡುವ ಮನುಷ್ಯ ಮನೆಯಲ್ಲಿರಬೇಕು. ಇನ್ನೊಂದು, ಅಣ್ಣ ತಮ್ಮಂದಿರೋ, ಅಕ್ಕಪಕ್ಕದ ತೋಟದವರೋ ಮೂರು ನಾಲ್ಕು ಜನ ಸೇರಿ ತಗೊಳ್ಳುವುದು. ನನಗೆ ಇದೇ ಹೆಚ್ಚು ಇಷ್ಟ. ಲೆಕ್ಕ ಸುಲಭ, ಓಡಿದ ಗಂಟೆ ತೋರಿಸುವ ಮೀಟರ್ ಇದೆಯಲ್ಲ. ಯಾರ ತೋಟಕ್ಕೆ ಬಂದಾಗ ಎಷ್ಟು ಇತ್ತು, ಹೋಗುವಾಗ ಎಷ್ಟು ಇತ್ತು, ಒಂದು ಪುಸ್ತಕದಲ್ಲಿ ಬರೆದರೆ ಮುಗಿಯಿತು. ಜಗಳ ಬರುವುದು ಗಂಟೆಯ ಮೇಲೆ ಅಲ್ಲ, ಗ್ರೀಸ್ ಮೇಲೆ. ಪಿನ್ನುಗಳಿಗೆ ದಿನಾ ಗ್ರೀಸ್ ಹೊಡೆಯಬೇಕು, ಇಂಜಿನ್ ಆಯಿಲ್ ಸಾಮಾನ್ಯವಾಗಿ 250 ಗಂಟೆಗೊಮ್ಮೆ. ನಾಲ್ಕು ಜನರ ಮಷೀನಿಗೆ ಯಾರೂ ಗ್ರೀಸ್ ಹೊಡೆಯದ ಪರಿಸ್ಥಿತಿ ಬರಬಾರದು. ಅದಕ್ಕೇ ಆಪರೇಟರ್ ಒಬ್ಬನೇ ಇರಲಿ, ಎಲ್ಲರೂ ಸೇರಿ ಅವನಿಗೆ ತಿಂಗಳ ಸಂಬಳ ಕೊಡಿ, ಗ್ರೀಸ್ ಗನ್ ಅವನ ಜವಾಬ್ದಾರಿ. ಟೈರ್ ಮೇಲೆ ಓಡುವ ಜೆಸಿಬಿ ಓಡಿಸಿ ಅಭ್ಯಾಸ ಇರುವ ಹುಡುಗ ಆದರೆ ಲಿವರ್ ಬೇರೆ ಥರ ಇರುತ್ತದೆ, ಕೈಗೆ ಕೂರಲು ಅವನಿಗೆ ಸಮಯ ಬೇಕು. ಮೆಣಸಿನ ಬಳ್ಳಿ ಇಲ್ಲದ ಬಯಲಲ್ಲಿ ಮೊದಲು ಬಿಡಿ.

ನಿಮ್ಮ ನಿಮ್ಮಲ್ಲಿ ಒಪ್ಪಂದ ಆದ ಮೇಲೆ ಡೀಲರ್ ಹತ್ತಿರ ಡೆಮೋ ಕೇಳಿ, ಶೋರೂಮಿನ ಹಿಂದಿನ ಮೈದಾನದಲ್ಲಲ್ಲ, ನಿಮ್ಮ ತೋಟದಲ್ಲಿ. ಎಲ್ಲಕ್ಕಿಂತ ಇಕ್ಕಟ್ಟಾದ ಜಾಗಕ್ಕೆ ಕರೆದುಕೊಂಡು ಹೋಗಿ ಹತ್ತು ಅಡಿ ಚರಂಡಿ ತೆಗೆಸಿ, ಆಮೇಲೆ ಅದನ್ನೇ ಮುಚ್ಚಿಸಿ. ಮಷೀನ್ ತಗೊಳ್ಳುವ ಹೊತ್ತೂ ಮುಖ್ಯ. ಯುಗಾದಿ ಆಸುಪಾಸಿಗೆ ಬಂದರೆ ಏಪ್ರಿಲ್, ಮೇನಲ್ಲಿ ಗುಂಡಿ ಕೆಲಸ ಸಿಗುತ್ತದೆ, ಗಟ್ಟಿ ನೆಲದಲ್ಲಿ ಹುಡುಗನ ಕೈ ಪಳಗುತ್ತದೆ, ಮೊದಲ ಸರ್ವಿಸ್ ಮಳೆಗೆ ಮುಂಚೆ ಮುಗಿಯುತ್ತದೆ. ಜುಲೈನಲ್ಲಿ ತಂದರೆ ಕಂತು ಕಟ್ಟಿಕೊಂಡು ಶೆಡ್‌ನಲ್ಲಿ ನಿಲ್ಲಿಸಬೇಕು, ಶೆಡ್ ಇಲ್ಲದಿದ್ದರೆ ಟಾರ್ಪಾಲಿನಡಿ.